ಸೂರ್ಯಾಸ್ತದವರೆಗಿನ ವರ

1902ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯ ವಾಚಕರು ಒಂದು ಭಯಂಕರ ಪ್ರಾಣಿಯನ್ನು ಬೀಳ್ಕೊಟ್ಟು ಮತ್ತೊಂದು ವಿಚಿತ್ರ ಪ್ರಾಣಿಯನ್ನು ಎದುರುಗೊಂಡರು. ಹಿಂದಿನ ವರ್ಷದ ಆಗಸ್ಟಿನಿಂದ ತಿಂಗಳು ತಿಂಗಳೂ ಅವರ ನಿದ್ದೆಗೆಡಿಸುತ್ತಿದ್ದ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕಥೆಯನ್ನು ಕಾನನ್ ಡಾಯ್ಲ್ ಮಹಾಶಯರು ಮುಗಿಸಿದ ಆ ತಿಂಗಳಿನಲ್ಲಿಯೇ, ಎಡಿತ್ ನೆಸ್ಬಿಟ್ ಎಂಬ ಲೇಖಕಿ ಕೆಂಟ್ ಪ್ರಾಂತದ ಜಲ್ಲಿಗುಂಡಿಯೊಂದನ್ನು ಐವರು ಮಕ್ಕಳ ಕೈಯಿಂದ ತೋಡಿಸಿ, ಸ್ಯಾಮಿಯಾಡ್ ಎಂಬ ಮರಳಿನ ಯಕ್ಷನನ್ನು ಹೊರಗೆ ತೆಗೆದಳು. ಬಸವನಹುಳುವಿನವುಗಳಂತೆ ಉದ್ದನೆಯ ಕೊಂಬುಗಳ ತುದಿಯಲ್ಲಿ ಒಳಕ್ಕೂ ಹೊರಕ್ಕೂ ಚಲಿಸುವ ಕಣ್ಣುಗಳು, ಬಾವಲಿಯ ಕಿವಿಗಳು, ಜೇಡನ ಡೊಳ್ಳುದೇಹದ ಮೇಲೆ ದಟ್ಟವಾದ ಮೃದುರೋಮ, ಕಪಿಯ ಕೈಕಾಲುಗಳು, ಇವೆಲ್ಲಕ್ಕೂ ಮೇಲಾಗಿ ಅತಿ ವೃದ್ಧರಿಗೆ ಸಹಜವಾದ ಸಿಡುಕು: ಹೀಗಿದ್ದಿತು ಆ ಯಕ್ಷನ ಸ್ವರೂಪ. ಚಿತ್ರಕಾರ ಎಚ್. ಆರ್. ಮಿಲ್ಲರ್ ಅದನ್ನು ರೇಖೆಗಳಲ್ಲಿ ಹಿಡಿದ ಬಗೆ ಎಷ್ಟು ನಿಶ್ಚಿತವೆಂದರೆ, ತರುವಾಯದ ಕಲಾವಿದರಿಗೆ ಅದರಿಂದ ಬಹುದೂರ ಸರಿಯುವುದು ಕಷ್ಟವಾಯಿತು.

ಮಕ್ಕಳ ಪುಸ್ತಕದಲ್ಲಿ ಮಾಯಾಪ್ರಾಣಿಯು ಸೌಮ್ಯವಾಗತೊಡಗಿದ್ದು ಅದಕ್ಕೂ ತುಸು ಮುಂಚಿನಿಂದಲೇ. 1889ರಲ್ಲಿ ಆಂಡ್ರೂ ಲ್ಯಾಂಗ್ ನೀಲಿಬಣ್ಣದ ಸಂಪುಟದಿಂದ ಮೊದಲುಮಾಡಿ ಹೊರತಂದ ಜನಪದ ಕಥಾಸಂಗ್ರಹಗಳಲ್ಲಿ ರಾಕ್ಷಸರೂ ಘಟಸರ್ಪಗಳೂ ಇನ್ನೂ ಕೊಲ್ಲುವುದಕ್ಕೂ ಕೊಲ್ಲಿಸಿಕೊಳ್ಳುವುದಕ್ಕೂ ಹುಟ್ಟಿದಂತಿದ್ದುವು. 1898ರಲ್ಲಿ ಕೆನೆತ್ ಗ್ರಹಾಂ ಬರೆದ ಕಥೆಯೊಂದರ ಘಟಸರ್ಪವಾದರೋ ಕಾದುವುದನ್ನು ಒಲ್ಲದು. ಗುಡ್ಡದ ಮಗ್ಗುಲಲ್ಲಿ ಬಿಸಿಲು ಕಾಯಿಸುತ್ತ ಕವಿತೆ ಕಟ್ಟುತ್ತದೆ. ತನ್ನನ್ನು ಕೊಲ್ಲಬಂದ ಸಂತ ಜಾರ್ಜನೊಡನೆ ಒಪ್ಪಂದ ಮಾಡಿಕೊಂಡು ಊರವರ ತೃಪ್ತಿಗಾಗಿ ಸುಳ್ಳುಕಾಳಗವನ್ನು ಆಡಿ ತೋರಿಸುತ್ತದೆ. ಗ್ರಹಾಂ ಅದೇ ವರ್ಷ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಾರ್ಯದರ್ಶಿಯಾದನೆಂಬುದನ್ನು ನೆನೆದಾಗ ನಗೆ ಬಾರದಿರದು. ನಿಧಿ ಕಾಯುವ ಸರ್ಪದ ಮನಸ್ಸನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೆ ಗ್ರಹಾಮನದು ಒಂದು ಕಥೆಯ ವಿನೋದ. ಅದನ್ನು ದೀರ್ಘವಾದ ಕಾದಂಬರಿಯನ್ನು ಹೊರಬಲ್ಲ ಸಂಪ್ರದಾಯವನ್ನಾಗಿ ಬೆಳೆಸಿದವಳು ನೆಸ್ಬಿಟ್. ಅವಳ ಕೈಯಲ್ಲಿ ಪ್ರಾಣಿಯು ಸೌಮ್ಯವಾದದ್ದು ಅದರ ಸ್ವಭಾವದ ಒಳ್ಳೆಯತನದಿಂದಲ್ಲ, ಅದರ ಶಕ್ತಿಗೆ ಅವಳು ಹಾಕಿದ ಮೇರೆಯಿಂದ ಎಂಬುದು ನನ್ನ ಅಭಿಪ್ರಾಯ. ಸ್ಯಾಮಿಯಾಡ್ ದಿನಕ್ಕೊಂದು ವರವನ್ನು ಕೊಡುತ್ತದೆ. ಸೂರ್ಯನು ಮುಳುಗಿದೊಡನೆ ವರವೂ ಅಳಿಯುತ್ತದೆ. ಪ್ರಾಚೀನ ಯುಗದ ಜನರು ಆಹಾರಕ್ಕಾಗಿ ಬೇಡಿ ಪಡೆದ ಮಹಾಮೃಗಗಳಲ್ಲಿ ತಿಂದು ಮಿಕ್ಕದ್ದು ಸಂಜೆಗೆ ಕಲ್ಲಾಗುತ್ತಿದ್ದಿತೆಂದು ಅದು ಹೇಳುವಾಗ, ಭೂಗರ್ಭಶಾಸ್ತ್ರಜ್ಞರ ಪಳೆಯುಳಿಕೆಗಳಿಗೇ ಹೊಸದೊಂದು ಪುರಾಣ ದೊರೆಯುತ್ತದೆ. ಮಕ್ಕಳು ಅಪ್ರತಿಮ ಸೌಂದರ್ಯವನ್ನು ಬೇಡುತ್ತಾರೆ, ಮನೆಯ ದಾಸಿ ಗುರುತು ಹಿಡಿಯದೆ ಅವರನ್ನು ಬಾಗಿಲಿನಿಂದಾಚೆ ಅಟ್ಟುತ್ತಾಳೆ. ಹೊನ್ನನ್ನು ಬೇಡುತ್ತಾರೆ, ಗುಂಡಿ ತುಂಬ ಬಂದ ಹಳೆಯ ಗಿನಿ ನಾಣ್ಯಗಳನ್ನು ಅಂಗಡಿಯವರು ಮುಟ್ಟರು. ರೆಕ್ಕೆಗಳನ್ನು ಬೇಡಿ ಹಾರಿ, ಇಗರ್ಜಿಯ ಗೋಪುರದ ಮೇಲೆ ನಿದ್ದೆಹೋಗಿ, ಎಚ್ಚರಗೊಳ್ಳುವಾಗ ರೆಕ್ಕೆಗಳಿಲ್ಲ. ವರವು ವರ ಬೇಡಿದವನಿಗೇ ಮುಳುವಾಗುವುದು ಭಸ್ಮಾಸುರನ ಕಥೆ ಕೇಳಿ ಬೆಳೆದ ನಮಗೆ ಹೊಸತಲ್ಲ. ಆದರೆ ನಮ್ಮ ಪುರಾಣದಲ್ಲಿ ವರದ ದೋಷ ತೀರಬೇಕಾದರೆ ಮೋಹಿನಿ ಬರಬೇಕು, ಅಸುರನು ಬೂದಿಯಾಗಬೇಕು. ನೆಸ್ಬಿಟ್ಟಳ ಲೋಕದಲ್ಲಿ ಹೊತ್ತು ಮುಳುಗಿದರೆ ಸಾಕು, ಮಕ್ಕಳಿಗೆ ಮಿಗುವುದು ಹಸಿವು, ನಾಚಿಕೆ, ಹಿರಿಯರ ಬೈಗಳು, ಇಷ್ಟೇ.

ಈಕೆ 1858ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ಕೃಷಿರಸಾಯನ ಬೋಧಿಸುತ್ತಿದ್ದ ತಂದೆಯನ್ನು ನಾಲ್ಕು ವರ್ಷ ತುಂಬುವ ಮೊದಲೇ ಕಳೆದುಕೊಂಡಳು. 1880ರಲ್ಲಿ ಹ್ಯೂಬರ್ಟ್ ಬ್ಲ್ಯಾಂಡನನ್ನು ವರಿಸಿ, ಅವನ ಕಾಯಿಲೆಯ ದಿನಗಳಲ್ಲಿ ಪದ್ಯ ಬರೆದೂ ಶುಭಾಶಯಪತ್ರಗಳಿಗೆ ಬಣ್ಣ ಹಾಕಿಯೂ ಸಂಸಾರ ಸಾಗಿಸಿದಳು. 1884ರಲ್ಲಿ ಫೇಬಿಯನ್ ಸಂಘ ಸ್ಥಾಪಿಸಿದವರಲ್ಲಿ ಈ ದಂಪತಿಗಳೂ ಇದ್ದರು. ಬೇಡಿದ್ದೆಲ್ಲ ಸಂಜೆಯೊಳಗೆ ಖರ್ಚಾಗುವ ಲೆಕ್ಕವನ್ನು ಅವಳು ಯಕ್ಷಲೋಕದಿಂದ ಕಲಿಯಬೇಕಾಗಿರಲಿಲ್ಲವೆಂದು ಊಹಿಸಬಹುದು.

1904ರ ಕಾದಂಬರಿಯಲ್ಲಿ, ಹಳೆಯ ರತ್ನಗಂಬಳಿಯೊಳಗೆ ಸಿಕ್ಕಿದ ಮೊಟ್ಟೆ ಬೆಂಕಿಗೆ ಬಿದ್ದು ಫೀನಿಕ್ಸ್ ಪಕ್ಷಿ ಹುಟ್ಟುತ್ತದೆ. ಈ ಪಕ್ಷಿಯ ಆತ್ಮಪ್ರಶಂಸೆಗೆ ಮಿತಿಯಿಲ್ಲ. ತನ್ನ ಹೆಸರನ್ನು ಹೊತ್ತ ಬೆಂಕಿವಿಮಾ ಕಂಪೆನಿಯ ಕಚೇರಿಯನ್ನು ತನ್ನ ದೇವಾಲಯವೆಂದು ಬಗೆದು ಅಲ್ಲಿಗೆ ಚಿತ್ತೈಸಿ, ಗುಮಾಸ್ತರಿಂದ ಪೂಜೆಯನ್ನೂ ಕೈಕೊಳ್ಳುತ್ತದೆ! ವಾಣಿಜ್ಯದ ನಗರದಲ್ಲಿ ದೇವತೆಗೆ ಉಳಿದಿರುವ ಗುಡಿ ಅದೊಂದೇ ಎಂಬ ಕುಟುಕು ಅದರಲ್ಲಿದೆ. 1906ರಲ್ಲಿ ಬಂದ ತಾಯಿತದ ಕಥೆಯನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ವಾಲಿಸ್ ಬಡ್ಜ್‌ಗೆ ಅವಳು ಅರ್ಪಿಸಿದಳು. ಪ್ರಾಣಿಗಳನ್ನು ಮಾರುವ ಅಂಗಡಿಯ ಪಂಜರದಲ್ಲಿ ಮಕ್ಕಳಿಗೆ ಮರಳಿ ಸಿಗುವ ಸ್ಯಾಮಿಯಾಡ್ ಅಲ್ಲಿ ಮಾರ್ಗದರ್ಶಿಯಾಗುತ್ತದೆ. ಬ್ಯಾಬಿಲೋನಿನ ರಾಣಿ ಲಂಡನ್ನಿಗೆ ಬಂದು, ಅಲ್ಲಿನ ಶ್ರಮಜೀವಿಗಳನ್ನು ಗುಲಾಮರೆಂದು ತಿಳಿದು, ಇವರನ್ನು ಇಷ್ಟು ಕೆಟ್ಟದಾಗಿ ಇಟ್ಟಿರುವಿರೇಕೆಂದು ವಿಸ್ಮಯಪಡುತ್ತಾಳೆ. ಮೂರರಲ್ಲಿ ಇದೇ ಉತ್ತಮವೆಂದು ನಾನು ಎಣಿಸುತ್ತೇನೆ, ಮೊದಲನೆಯದೇ ಹೆಚ್ಚು ಪ್ರಸಿದ್ಧವಾಗಿದ್ದರೂ.

ಅವಳು 1924ರಲ್ಲಿ ತೀರಿಕೊಂಡಳು. ಬಾಲ್ಯದಲ್ಲಿ ತಾಯಿತದ ಕಥೆಯಿಂದ ಮುಗ್ಧನಾದ ಸಿ. ಎಸ್. ಲ್ಯೂಯಿಸ್ ಮುಂದೆ ನಾರ್ನಿಯದ ಮಾತನಾಡುವ ಪ್ರಾಣಿಗಳನ್ನು ಸೃಷ್ಟಿಸಿದನು. ಅಮೆರಿಕದ ಎಡ್ವರ್ಡ್ ಈಗರ್ ತನ್ನ ಋಣವನ್ನು ಇನ್ನೂ ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡವನು. 1954ರಲ್ಲಿ ಪ್ರಕಟವಾದ ಅವನ ಕಾದಂಬರಿಯ ಮಕ್ಕಳು ನೆಸ್ಬಿಟ್ಟಳನ್ನೇ ಓದುವವರು. ಅವರಿಗೆ ಸಿಕ್ಕುವ ನಾಣ್ಯ ಬೇಡಿದ್ದರಲ್ಲಿ ಅರ್ಧವನ್ನು ಮಾತ್ರ ಕೊಡುತ್ತದೆ. ಆದುದರಿಂದ ಪೂರ್ಣಫಲ ಬೇಕಾದವರು ಎರಡರಷ್ಟು ಬೇಡಬೇಕು. ಈ ಗಣಿತ ತಿಳಿಯುವ ಮುನ್ನ ಒಬ್ಬಳು ಮನೆಯ ಬೆಕ್ಕಿಗೆ ಮಾತು ಬರಲೆಂದು ಬೇಡಿಬಿಡುತ್ತಾಳೆ, ಬೆಕ್ಕು ಅರ್ಧ ಮಾತನಾಡತೊಡಗುತ್ತದೆ.