ಅಮೃತಮಹಲ್ ಕಾವಲುಗಳು ಮತ್ತು ಬಯಲುಸೀಮೆಯ ಬೇಟೆಹಕ್ಕಿಗಳು

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರು ಕೋಟೆ, ಕೆರೆ, ಕಂದಾಯ, ಸೈನ್ಯ ಇವುಗಳ ವಿಷಯದಲ್ಲಿ ತೋರಿದ ಆಸಕ್ತಿಯನ್ನು ಹುಲ್ಲುಗಾವಲುಗಳ ವಿಷಯದಲ್ಲಿ ತೋರಿದ್ದು ಕಡಮೆ. ಇದಕ್ಕೆ ಕಾರಣವೂ ಉಂಟು. ಕೋಟೆ ಪಾಳುಬಿದ್ದರೂ ಅದರ ಕಲ್ಲುಗಳು ಉಳಿಯುತ್ತವೆ; ಹುಲ್ಲುಗಾವಲನ್ನು ಒಮ್ಮೆ ಉತ್ತರೆ ಅದು ಅಲ್ಲಿತ್ತೆಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಆದರೆ ಆ ಹುಲ್ಲನ್ನು ಆಶ್ರಯಿಸಿ ಬಾಳಿದ ಹಕ್ಕಿಗಳ ಅಳಿವು ಉಳಿವುಗಳನ್ನು ವಿಚಾರಿಸುವಾಗ ಒಂದು ಪ್ರಶ್ನೆ ಎದುರಾಗುತ್ತದೆ. ಬೇಟೆಯನ್ನು ಶಾಸನದ ಮೂಲಕ ತಡೆದ ಮೇಲೆಯೂ ಈ ಹಕ್ಕಿಗಳು ಏಕೆ ಕ್ಷೀಣಿಸಿದುವು? ಇದಕ್ಕೆ ಉತ್ತರವನ್ನು ಬೇಟೆಯ ಚರಿತ್ರೆಯಲ್ಲಿ ಮಾತ್ರವಲ್ಲದೆ ನೆಲದ ಆಡಳಿತದ ಚರಿತ್ರೆಯಲ್ಲಿಯೂ ಹುಡುಕಬೇಕೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಕ್ಕಿಗಳ ವಿಷಯ. ದಖ್ಖನ್ನಿನ ಬಯಲಿನಲ್ಲಿ ಬೇಟೆಗಾರರು ಅರಸುತ್ತಿದ್ದ ಹಕ್ಕಿಗಳಲ್ಲಿ ಕೌಜುಗ, ಲಾವುಗೆ ಮೊದಲಾದುವು ಸಣ್ಣವು. ಹೆಬ್ಬಕವು ಎಲ್ಲಕ್ಕಿಂತ ದೊಡ್ಡದು. ಇದನ್ನೇ ನಮ್ಮ ಜನ ಎರೆಲಡ್ಡು, ಎರೆಭೂತ ಎಂದೂ ಕರೆದಿದ್ದಾರೆ. ಎರೆಯ ನೆಲದೊಡನೆ ಈ ಹಕ್ಕಿಗಿದ್ದ ಸಂಬಂಧ ಹೆಸರಿನಲ್ಲಿಯೇ ನಿಂತಿರುವಂತೆ ತೋರುತ್ತದೆ. ಗಂಡುಹಕ್ಕಿ ಸುಮಾರು 15 ಕಿಲೋಗ್ರಾಂ ವರೆಗೆ ತೂಗುತ್ತದೆ. ಹೆಣ್ಣುಹಕ್ಕಿ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಗಂಡು ತನ್ನ ಗಂಟಲಿನ ಚೀಲವನ್ನು ಉಬ್ಬಿಸಿ ಹೆಣ್ಣನ್ನು ಕರೆಯುವುದಕ್ಕೆ ಗಿಡ್ಡ ಹುಲ್ಲಿನ ತೆರೆದ ಬಯಲು ಬೇಕು. ಹೆಣ್ಣು ಕಾವು ಕೂರುವಾಗ ಮರೆಯಾಗುವುದಕ್ಕೆ ಸ್ವಲ್ಪ ಎತ್ತರದ ಹುಲ್ಲು ಬೇಕು. ಎರಡಕ್ಕೂ ಮಿಡತೆ, ಜೀರುಂಡೆ, ಹಲ್ಲಿ, ಕಾಳುಗಳು ದೊರೆಯುವ ನೆಲ ಬೇಕು. ಎಂದರೆ ಒಂದೇ ಬಯಲಿನಲ್ಲಿ ಹುಲ್ಲು ಒಂದು ಕಡೆ ಮೇಯಲ್ಪಟ್ಟು, ಇನ್ನೊಂದು ಕಡೆ ಬೆಳೆದು ನಿಂತಿರಬೇಕು. ದಟ್ಟವಾದ ಕಾಡಾಗಲಿ ಹುಲ್ಲಿಲ್ಲದ ಬರಡು ನೆಲವಾಗಲಿ ಇದಕ್ಕೆ ಒಗ್ಗದು. ಈ ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಿಚಾರ ಸುಲಭವಾಗಿ ಅರ್ಥವಾಗುತ್ತದೆ.

ಇಂತಹ ಹುಲ್ಲಿನ ಬಯಲುಗಳನ್ನು ಮೈಸೂರು ಸೀಮೆಯಲ್ಲಿ ಬಹುಕಾಲ ಕಾಪಾಡಿದುದು ಹಕ್ಕಿಯ ಮೇಲಣ ಪ್ರೀತಿಯಲ್ಲ, ಎತ್ತಿನ ಅಗತ್ಯ. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದಕ್ಕಾಗಿ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಏರ್ಪಟ್ಟಿತೆಂದೂ, ದನಗಳ ಮೇವಿಗಾಗಿ ಆಗಲೇ ಹಲವು ಕಾವಲುಗಳನ್ನು ಬಿಡಲಾಯಿತೆಂದೂ ತಿಳಿದುಬರುತ್ತದೆ. ಹೈದರನು ಈ ದನಗಳನ್ನು ಸೈನ್ಯದ ಸರಕು ಸಾಗಣೆಗೆ ಬಳಸಿದನು. ಚಿದಂಬರದ ರಕ್ಷಣೆಗಾಗಿ ಅವನ ಸೈನ್ಯವು ಎರಡೂವರೆ ದಿನಗಳಲ್ಲಿ 100 ಮೈಲಿಗಳನ್ನು ಕ್ರಮಿಸಿತೆಂಬ ಪ್ರಸಿದ್ಧ ವೃತ್ತಾಂತದಲ್ಲಿ ಈ ಎತ್ತುಗಳ ಪಾಲು ದೊಡ್ಡದು. ಟೀಪುವು ಇಲಾಖೆಗೆ 'ಅಮೃತಮಹಲ್' ಎಂಬ ಹೆಸರನ್ನಿಟ್ಟು, ಅದರ ನಿರ್ವಹಣೆಗೆ ಹುಕುಂನಾಮೆಯೊಂದನ್ನು ಹೊರಡಿಸಿದನು.

ಪ್ರಕೃತ ವಿಷಯಕ್ಕೆ ಮುಖ್ಯವಾದುದು ಕಾವಲುಗಳ ವರ್ಗೀಕರಣ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ಮೂರಾಗಿ ವಿಂಗಡಿಸಲಾಗಿತ್ತು. ನೀರೂ ನೆರಳೂ ಇರುವ ಕಾವಲುಗಳು ಬೇಸಿಗೆಗೆ ಮೀಸಲು. ಮಳೆಗಾಲದಲ್ಲಿ ಮಾತ್ರ ಮೇವು ದೊರೆಯುವಂಥವು ಆ ಕಾಲಕ್ಕೆ ಮೀಸಲು. ಹಿಂಡುಗಳು ಋತುವಿಗೆ ತಕ್ಕಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುವು. ಕಾವಲುಗಾರರು ಹುಲ್ಲನ್ನು ಕಾಯುತ್ತಿದ್ದರು; ಅನುಮತಿಯಿಲ್ಲದೆ ಇತರರ ದನಗಳನ್ನು ಬಿಡುವಂತಿರಲಿಲ್ಲ, ನೆಲವನ್ನು ಉಳುವಂತಿರಲಿಲ್ಲ. ಈ ಕಟ್ಟುಪಾಡು ಸುತ್ತಲಿನ ರೈತರಿಗೆ ಹಿತಕರವಾಗಿತ್ತೆಂದು ಹೇಳಲಾಗದು. ಆದರೆ ಅದರ ಫಲವಾಗಿ ನಾಡಿನ ಒಣಸೀಮೆಯಲ್ಲಿ ವರ್ಷದ ಯಾವ ಕಾಲದಲ್ಲಿಯೂ ಮೇದ ಹುಲ್ಲು, ಬೆಳೆದ ಹುಲ್ಲು ಎರಡೂ ಅಕ್ಕಪಕ್ಕದಲ್ಲಿ ಇರುವಂತಾಯಿತು. ಹೆಬ್ಬಕಕ್ಕೆ ಬೇಕಾದುದು ಇದೇ ಎಂಬುದನ್ನು ಮೇಲೆ ನೋಡಿದೆವು. ಹಕ್ಕಿಯ ಹೆಸರನ್ನೂ ಎತ್ತದ ಒಂದು ವ್ಯವಸ್ಥೆ ಹಕ್ಕಿಗೆ ಆಸರೆಯಾಯಿತೆಂದು ಹೀಗೆ ಊಹಿಸಬಹುದು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆಯೂ ಈ ವ್ಯವಸ್ಥೆ ಅಳಿಯಲಿಲ್ಲ. ಫಿರಂಗಿಗಳನ್ನೆಳೆಯುವ ಎತ್ತುಗಳು ಬ್ರಿಟಿಷರಿಗೂ ಬೇಕಾಗಿದ್ದುವು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಹಿಂಡುಗಳನ್ನು ಮಾರಿದರಾದರೂ, ತಪ್ಪು ಬೇಗನೆ ತಿಳಿದು 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಿದರು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದ ತರುವಾಯ ಅದು ಮೈಸೂರು ಸರ್ಕಾರದ ಕೈಸೇರಿತು. ಒಂದು ಕಾಲಕ್ಕೆ ಈ ಕಾವಲುಗಳ ವಿಸ್ತೀರ್ಣ 4 ಲಕ್ಷ ಎಕರೆಗಳನ್ನು ಮೀರಿತ್ತು.

ಇನ್ನು ಬೇಟೆಯ ವಿಷಯ. ಅದರಿಂದಾದ ಹಾನಿ ಅಲ್ಪವಲ್ಲ. ಅಹಮದ್‌ನಗರ ಜಿಲ್ಲೆಯಲ್ಲಿ 1809ರಿಂದ 1829ರ ವರೆಗೆ ಬ್ರಿಟಿಷ್ ಬೇಟೆಗಾರನೊಬ್ಬನೇ 961 ಹೆಬ್ಬಕಗಳನ್ನು ಕೊಂದನೆಂದು ದಾಖಲೆಯಿದೆ. ಆದರೆ ಇದೇ ದಾಖಲೆಯನ್ನು ಇನ್ನೊಂದು ದೃಷ್ಟಿಯಿಂದಲೂ ಓದಬಹುದು. ಒಂದು ಜಿಲ್ಲೆಯಲ್ಲಿ ಒಬ್ಬನ ಕೋವಿಗೆ ಇಪ್ಪತ್ತು ವರ್ಷಗಳ ಕಾಲ ಅಷ್ಟು ಹಕ್ಕಿಗಳು ದೊರೆಯುತ್ತಿದ್ದುವೆಂದರೆ, ಅವುಗಳನ್ನು ಪೋಷಿಸುತ್ತಿದ್ದ ಬಯಲು ಎಷ್ಟು ವಿಸ್ತಾರವಾಗಿದ್ದಿರಬೇಕು! ಬೇಟೆಯನ್ನು ಹತೋಟಿಗೆ ತರುವ ಪ್ರಯತ್ನಗಳೂ ನಡೆದುವು. ಮೈಸೂರಿನಲ್ಲಿ 1901ರಲ್ಲಿಯೇ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ಕಾಯಿದೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹೆಬ್ಬಕವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿ ಅದಕ್ಕೆ ಪೂರ್ಣ ರಕ್ಷಣೆಯನ್ನಿತ್ತಿತು. ಅಷ್ಟಾಗಿಯೂ, 1969ರಲ್ಲಿ ಸುಮಾರು 1,260 ಎಂದು ಅಂದಾಜು ಮಾಡಲಾಗಿದ್ದ ಈ ಹಕ್ಕಿಗಳ ಸಂಖ್ಯೆ ಇಂದು ದೇಶದಲ್ಲೆಲ್ಲ 150ಕ್ಕಿಂತ ಕಡಮೆಯೆಂದು ತಜ್ಞರು ಎಣಿಸುತ್ತಾರೆ.

ಕಾನೂನು ಕೋವಿಯನ್ನು ತಡೆಯಿತು. ನೇಗಿಲನ್ನೂ ಸಸಿಯನ್ನೂ ತಡೆಯಲಿಲ್ಲ. ಮೋಟಾರು ಬಂದು ಸೈನ್ಯಕ್ಕೆ ಎತ್ತಿನ ಅಗತ್ಯ ತಪ್ಪಿದ ಮೇಲೆ ಕಾವಲುಗಳಿಗಿದ್ದ ಮೂಲೋದ್ದೇಶವೇ ಹೋಯಿತು. ಆಹಾರಧಾನ್ಯದ ಅಭಾವವಿದ್ದ ವರ್ಷಗಳಲ್ಲಿ ಅವು ಸಾಗುವಳಿಗೆ ಹಂಚಲ್ಪಟ್ಟುದು ಸಹಜವೇ. ಭೂಮಿಯಿಲ್ಲದವನಿಗೆ ಭೂಮಿ ದೊರೆತುದನ್ನು ಆಕ್ಷೇಪಿಸುವ ಅಧಿಕಾರ ಚರಿತ್ರಕಾರನಿಗಿಲ್ಲ. ಆದರೆ ಸಾಗುವಳಿಗೆ ಹೋಗದೆ ಉಳಿದ ನೆಲವೂ ಹುಲ್ಲಾಗಿ ಉಳಿಯಲಿಲ್ಲ. ಕಂದಾಯದ ಭಾಷೆಯಲ್ಲಿ ಉತ್ತ ನೆಲಕ್ಕೆ ಬೆಲೆಯುಂಟು, ಕಾಡಿಗೆ ಬೆಲೆಯುಂಟು. ಇವೆರಡೂ ಅಲ್ಲದ ನೆಲ ಬೀಳು, ಖರಾಬು, ಬಂಜರು. 1985ರಲ್ಲಿ ಕೇಂದ್ರ ಸರ್ಕಾರವು ಬಂಜರುಭೂಮಿಯ ಅಭಿವೃದ್ಧಿಗಾಗಿ ರಾಷ್ಟ್ರೀಯ ಮಂಡಳಿಯೊಂದನ್ನು ಸ್ಥಾಪಿಸಿ ಮರ ನೆಡುವುದನ್ನು ಪ್ರೋತ್ಸಾಹಿಸಿದುದರ ಹಿಂದೆ ಇದ್ದುದೂ ಇದೇ ಎಣಿಕೆ. 2010ರ ಸುಮಾರಿಗೆ ಚಳ್ಳಕೆರೆಯ ಸುತ್ತಣ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆಗಳನ್ನು ವೈಜ್ಞಾನಿಕ, ರಕ್ಷಣಾ ಮತ್ತು ಕೈಗಾರಿಕಾ ಸಂಸ್ಥೆಗಳಿಗೆ ಕೊಡಲಾಯಿತು. ಅಲ್ಲಿ ಕುರಿ ದನಗಳನ್ನು ಮೇಯಿಸಿಕೊಂಡಿದ್ದ ಹಳ್ಳಿಗರು ಪ್ರತಿಭಟಿಸಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ವರೆಗೂ ಹೋಯಿತು. ಹುಲ್ಲು ನಷ್ಟವಾದಾಗ ಹಕ್ಕಿಯೊಡನೆ ಕುರುಬನೂ ನಷ್ಟಕ್ಕೊಳಗಾಗುವನೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಹಕ್ಕಿಗೆಂದೇ ಬಿಟ್ಟ ನೆಲದಲ್ಲಿಯಾದರೂ ಅದು ಉಳಿಯಿತೆ? ಮೂರು ಉದಾಹರಣೆಗಳನ್ನು ನೋಡೋಣ. ರಾಣೆಬೆನ್ನೂರಿನ ಅಭಯಾರಣ್ಯವು 1974ರಲ್ಲಿ 119 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕೃಷ್ಣಮೃಗ ಮತ್ತು ಹೆಬ್ಬಕಗಳಿಗಾಗಿ ಏರ್ಪಟ್ಟಿತು. ಆದರೆ ಆ ಹುಲ್ಲಿನ ನೆಲದ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ಬೆಳೆಸಲಾಯಿತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡು ಉಳಿದುವು. ತೆರೆದ ಬಯಲನ್ನು ಕಳೆದುಕೊಂಡ ಹೆಬ್ಬಕವು ಅಲ್ಲಿಂದ ಮರೆಯಾಯಿತು. ಇಲ್ಲಿ ಕೆಡುಕನ್ನು ಮಾಡಿದುದು ದುರುದ್ದೇಶವಲ್ಲ, ಮರವಿದ್ದರೆ ಮಾತ್ರ ಅರಣ್ಯ ಎಂಬ ನಂಬಿಕೆ.

ಎರಡನೆಯದು ಮಧ್ಯಪ್ರದೇಶದ ಕರೇರಾ. 1981ರಲ್ಲಿ ಅಲ್ಲಿ ಹೆಬ್ಬಕಕ್ಕಾಗಿ ಅಭಯಾರಣ್ಯವಾಯಿತು. ಅದರೊಳಗೆ ಹಲವು ಹಳ್ಳಿಗಳೂ ರೈತರ ಸ್ವಂತ ಹೊಲಗಳೂ ಸೇರಿಹೋದುವು. ಜಮೀನಿನ ಮಾರಾಟಕ್ಕೆ ತಡೆಬಿದ್ದಿತು. ಹೆಚ್ಚಿದ ಕೃಷ್ಣಮೃಗಗಳು ಬೆಳೆಯನ್ನು ಮೇದುವು. ಜನರು ಈ ಕಷ್ಟಗಳಿಗೆಲ್ಲ ಹಕ್ಕಿಯೇ ಕಾರಣವೆಂದು ತಿಳಿದರು. 1990ರ ದಶಕದಲ್ಲಿ ಅಲ್ಲಿ ಹೆಬ್ಬಕ ಇಲ್ಲವಾಯಿತು. ಮೂರನೆಯದು ನಮ್ಮ ವಿಜಾಪುರಕ್ಕೆ ಹತ್ತಿರವಾದ ಸೋಲಾಪುರ ಜಿಲ್ಲೆಯ ನಾನ್ನಜ್. 1970ರ ದಶಕದಲ್ಲಿ ಬರ ಪರಿಹಾರದ ಕಾಮಗಾರಿಗಳ ಅಂಗವಾಗಿ ಅಲ್ಲಿ ಮೇವಿಗಾಗಿ ರಕ್ಷಿಸಿದ ಹುಲ್ಲಿನ ತುಂಡುಗಳಲ್ಲಿ, ಜೋಳದ ಹೊಲಗಳ ನಡುವೆಯೇ, ಹೆಬ್ಬಕ ನೆಲೆಗೊಂಡಿತು. ಆದರೆ 1979ರಲ್ಲಿ ಘೋಷಿತವಾದ ಅಭಯಾರಣ್ಯದ ಗಡಿ 8,496 ಚದರ ಕಿಲೋಮೀಟರುಗಳಷ್ಟು ಹಿಗ್ಗಿ, ಊರುಗಳನ್ನೂ ಹೊಲಗಳನ್ನೂ ಒಳಗೊಂಡಿತು. ಹಕ್ಕಿಗೆ ಆಸರೆಯಾದುದು ಸಣ್ಣ ಹುಲ್ಲಿನ ತುಂಡುಗಳೇ ಹೊರತು ಕಾಗದದ ಮೇಲಣ ಆ ವಿಶಾಲ ಗಡಿಯಲ್ಲ. ಮುಂದೆ ಆ ಗಡಿಯನ್ನು ಬಹುಮಟ್ಟಿಗೆ ಕುಗ್ಗಿಸಬೇಕಾಯಿತು.

ಈ ಮೂರನ್ನೂ ಅಮೃತಮಹಲಿನ ಕಾವಲಿನೊಡನೆ ಹೋಲಿಸಿದರೆ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಬಯಲಿನ ಹಕ್ಕಿಯನ್ನು ಉಳಿಸುವುದೆಂದರೆ ಹುಲ್ಲನ್ನು ಹುಲ್ಲಾಗಿಯೇ ಉಳಿಸುವುದು. ಅದನ್ನು ಉತ್ತರೂ ಕೆಡುಕು, ಮರ ನೆಟ್ಟರೂ ಕೆಡುಕು. ಎರಡನೆಯದಾಗಿ, ಮೇಯಿಸುವುದನ್ನು ಪೂರ್ಣವಾಗಿ ನಿಷೇಧಿಸುವುದಕ್ಕಿಂತ ಋತುವನ್ನರಿತು ಮೇಯಿಸುವುದು ಹೆಚ್ಚು ಉಚಿತವೆಂದು ಟೀಪುವಿನ ಕಾಲದ ವರ್ಗೀಕರಣವೇ ಸೂಚಿಸುತ್ತದೆ. ಮೂರನೆಯದಾಗಿ, ಹುಲ್ಲಿನಿಂದ ಯಾರಿಗಾದರೂ ಪ್ರಯೋಜನವಿದ್ದಾಗ ಮಾತ್ರ ಅದನ್ನು ಕಾಯುವವರು ಇರುತ್ತಾರೆ. ಹಿಂದೆ ಆ ಪ್ರಯೋಜನ ಅರಸನದಾಗಿತ್ತು. ಪ್ರಜಾಪ್ರಭುತ್ವದಲ್ಲಿ ಅದು ಕಾವಲಿನ ಅಂಚಿನಲ್ಲಿರುವ ಹಳ್ಳಿಯವರದಾಗಬೇಕು.

ಈ ಶತಮಾನದಲ್ಲಿಯೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಹೆಬ್ಬಕಗಳು ಕಾಣಿಸಿಕೊಂಡಿವೆ. ಕರ್ನಾಟಕದ ಪಾಲಿಗೆ ಈ ಪ್ರಶ್ನೆ ಇನ್ನೂ ಕೇವಲ ಚರಿತ್ರೆಯ ಪ್ರಶ್ನೆಯಾಗಿಲ್ಲವೆಂಬುದಕ್ಕೆ ಅವೇ ಸಾಕ್ಷಿ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ತಾಲ್ಲೂಕುಗಳ ಹಳೆಯ ಕಂದಾಯ ಪತ್ರಗಳಲ್ಲಿ ಕಾವಲು ಎಂದು ಬರೆದಿರುವ ನೆಲ ಎಲ್ಲಿತ್ತು, ಯಾವ ವರ್ಷ ಅದರ ಹೆಸರು ಬದಲಾಯಿತು ಎಂಬುದನ್ನು ಶೋಧಿಸಿದರೆ, ಅದು ಚರಿತ್ರೆಗೂ ಆ ಹಕ್ಕಿಗೂ ಒಂದು ಉಪಕಾರವಾದೀತು.