ವಾಲ್-ದೆ-ಬ್ವಾದ ಗಿರಣಿ

ಫ್ರಾನ್ಸ್ ದೇಶದ ರೀಮ್ಸ್ ನಗರದಿಂದ ಕೆಲವೇ ಮೈಲಿಗಳ ದೂರದಲ್ಲಿ, ಸ್ವೀಪ್ ಎಂಬ ಸಣ್ಣ ಹೊಳೆಯ ದಂಡೆಯ ಮೇಲೆ, ವಾರ್ಮೆರಿವಿಲ್ ಎಂಬ ಊರಿದೆ. ಅದರ ಮಗ್ಗುಲಿನ ವಾಲ್-ದೆ-ಬ್ವಾ ಎಂಬ ಕಣಿವೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಹಾರ್ಮೆಲ್ ಮನೆತನದವರು ಉಣ್ಣೆ ನೂಲುವ ಗಿರಣಿಯೊಂದನ್ನು ನಡೆಸುತ್ತಿದ್ದರು. ಧರ್ಮಸಭೆಯ ಚರಿತ್ರೆಕಾರರು ಜಗದ್ಗುರುಗಳನ್ನೂ ಸಂತರನ್ನೂ ಮಹಾಸಭೆಗಳನ್ನೂ ಕುರಿತು ವಿಸ್ತಾರವಾಗಿ ಬರೆಯುತ್ತಾರೆ. ನೂಲಿನ ಗಿರಣಿಗೆ ಒಂದು ಸಾಲು ದೊರೆತರೆ ಹೆಚ್ಚು. ಆದರೆ ನಮ್ಮ ಧರ್ಮಕೇಂದ್ರದಲ್ಲಿ ಹತ್ತಾಳುಗಳಿಗೆ ಮೇಸ್ತ್ರಿಯಾದವರೂ ಇದ್ದಾರೆ, ನೂರಾಳುಗಳ ಮೇಲ್ವಿಚಾರಕರೂ ಇದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಕೈಮುಗಿದ ನಾವು ಸೋಮವಾರ ಬೆಳಗ್ಗೆ ಹಾಜರಿ ಪುಸ್ತಕವನ್ನು ತೆರೆದಾಗ ಯಾರಾಗಿರುತ್ತೇವೆ ಎಂಬ ಪ್ರಶ್ನೆ ನಮ್ಮನ್ನೂ ಬಿಟ್ಟಿಲ್ಲವಾದ್ದರಿಂದ, ಆ ಗಿರಣಿಯ ವೃತ್ತಾಂತ ಈ ಸಂಚಿಕೆಗೆ ಹೊರತಾದುದಲ್ಲವೆಂದು ನಾವು ಭಾವಿಸುತ್ತೇವೆ.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ಕಸುಬುದಾರರ ಹಳೆಯ ಸಂಘಗಳನ್ನೆಲ್ಲ ಕಾನೂನಿನಿಂದ ಅಳಿಸಲಾಯಿತು. ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಪೂರ್ಣವಾಗಿ ಮರಳಿ ಪಡೆದದ್ದು 1884ರಲ್ಲಿ. ನಡುವಣ ತೊಂಬತ್ತಕ್ಕೂ ಹೆಚ್ಚು ವರ್ಷ ಕೂಲಿಯವನು ಒಡೆಯನೆದುರು ಒಂಟಿಯಾಗಿ ನಿಂತಿದ್ದನು. ಗಿರಣಿಯ ಪಟ್ಟಣಗಳಲ್ಲಿ ಅವನು ದೇವಾಲಯವನ್ನು ತೊರೆದುದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ಸಾಲಿನ ಪೀಠದಲ್ಲಿ ಅವನ ಒಡೆಯನೇ ಕುಳಿತಿರುತ್ತಿದ್ದನಲ್ಲವೇ!

1829ರಲ್ಲಿ ಜನಿಸಿದ ಲಿಯೋನ್ ಹಾರ್ಮೆಲ್ 1854ರಲ್ಲಿ ತಂದೆಯವರಿಂದ ಗಿರಣಿಯ ಆಡಳಿತವನ್ನು ವಹಿಸಿಕೊಂಡರು. ಅವರು ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದ ಗೃಹಸ್ಥರು. ಧರ್ಮಿಷ್ಠನಾದ ಒಡೆಯನು ಮಾಡುವುದನ್ನೆಲ್ಲ ಅವರು ಮೊದಲು ಮಾಡಿದರು: ಪ್ರಾರ್ಥನಾಲಯ, ಶಾಲೆ, ವಸತಿ, ರೋಗಿಗಳಿಗಾಗಿ ನಿಧಿ. ಗಿರಣಿಯ ಜನರು ಅವರನ್ನು ‘ಒಳ್ಳೆಯ ತಂದೆ’ ಎಂದೇ ಕರೆದರು. ಇಷ್ಟಕ್ಕೇ ನಿಂತಿದ್ದರೆ ನಾವು ಇಂದು ಅವರ ಹೆಸರೆತ್ತಬೇಕಾದ ಅಗತ್ಯವಿರಲಿಲ್ಲ. ಇಂತಹ ದಯಾಳು ಒಡೆಯರು ಆ ಕಾಲದಲ್ಲಿ ಬೇರೆಯವರೂ ಇದ್ದರು.

ಕೊಡುವ ಕೈ ಯಾವಾಗಲೂ ಮೇಲೆಯೇ ಇದ್ದರೆ, ಪಡೆಯುವವನು ಎಂದಿಗೂ ತಲೆಯೆತ್ತಲಾರನೆಂಬುದನ್ನು ಅವರು ಕಂಡುಕೊಂಡರು. ಕಾರ್ಮಿಕನ ಹಿತವು ಕಾರ್ಮಿಕನ ಮೂಲಕವೇ ಆಗಬೇಕು. ಅವನನ್ನು ಬಿಟ್ಟು ಆಗಬಾರದು, ಅವನ ಇಚ್ಛೆಗೆ ವಿರೋಧವಾಗಿ ಅಂತೂ ಆಗಲೇಬಾರದು ಎಂಬುದು ಅವರ ಸೂತ್ರವಾಯಿತು. ಗಿರಣಿಯ ಭಕ್ತಿಸಂಘಗಳಿಗೆ ಸೇರುವುದನ್ನು ಅವರು ಸ್ವಇಚ್ಛೆಗೆ ಬಿಟ್ಟರು. ಪೂಜೆಗೆ ಬಾರದವನ ಕೂಲಿಗೆ ಕೈಹಾಕುವ ಒಡೆಯನು ವಿಶ್ವಾಸವನ್ನು ಬೆಳೆಸುವುದಿಲ್ಲ, ಕಪಟವನ್ನು ಬೆಳೆಸುತ್ತಾನೆ ಎಂದು ನಾವೂ ಹೇಳುತ್ತೇವೆ. 1874ರಲ್ಲಿ ಗಿರಣಿಯು ಬೆಂಕಿಗೆ ಆಹುತಿಯಾದಾಗ ಅವರು ಅದನ್ನು ಮತ್ತೆ ಕಟ್ಟಿದರು.

1891ರಲ್ಲಿ ಕುಟುಂಬ ನಿಧಿಯೊಂದು ಆರಂಭವಾಯಿತು. ಒಂದೇ ಮಗ್ಗುಲಿನಲ್ಲಿ ಒಂದೇ ಕೆಲಸ ಮಾಡುವ ಇಬ್ಬರಲ್ಲಿ ಒಬ್ಬನು ಒಂಟಿ, ಇನ್ನೊಬ್ಬನ ಮನೆಯಲ್ಲಿ ಆರು ಮಕ್ಕಳು. ಕೂಲಿ ಸಮನಾದರೂ ಮಡಕೆಯ ಅನ್ನ ಸಮನಲ್ಲ. ತಲೆಗೆ ಇಷ್ಟೆಂದು ಗೊತ್ತುಪಡಿಸಿದ ಮಟ್ಟಕ್ಕಿಂತ ಸಂಪಾದನೆ ಇಳಿದ ಕುಟುಂಬಕ್ಕೆ ಕೊರತೆಯನ್ನು ತುಂಬಿಕೊಡುವುದು ಈ ನಿಧಿಯ ಕೆಲಸ. ಅದನ್ನು ಹಂಚುವ ಹೊಣೆಯೂ ಕಾರ್ಮಿಕರದೇ ಆಗಿತ್ತು. ನೆರೆಮನೆಯ ಒಲೆ ಹೊತ್ತಿದೆಯೋ ಇಲ್ಲವೋ ಎಂಬುದು ಒಡೆಯನಿಗಿಂತ ನೆರೆಯವನಿಗೆ ಚೆನ್ನಾಗಿ ಗೊತ್ತು.

1893ರಲ್ಲಿ ರೂಪುಗೊಂಡ ಗಿರಣಿಯ ಸಮಿತಿ ಇದಕ್ಕಿಂತ ದಿಟ್ಟವಾದ ಹೆಜ್ಜೆ. ಕಾರ್ಮಿಕರೇ ಆರಿಸಿದ ಪ್ರತಿನಿಧಿಗಳು ಆಡಳಿತದವರೊಡನೆ ಕುಳಿತು ಕೂಲಿಯ ದರ, ಶಿಸ್ತು, ಅಪಘಾತ, ಆರೋಗ್ಯ, ಹೊಸದಾಗಿ ಕೆಲಸ ಕಲಿಯುವವರ ಪಾಡು ಇವುಗಳನ್ನು ಚರ್ಚಿಸುತ್ತಿದ್ದರು. ಕೊನೆಯ ಮಾತು ಒಡೆಯರದೇ ಆಗಿ ಉಳಿಯಿತೆಂಬುದನ್ನು ಮರೆಮಾಚುವುದು ಸರಿಯಲ್ಲ. ಹಾರ್ಮೆಲ್ ಅವರ ರೀತಿಯಲ್ಲಿ ತಂದೆತನದ ಅಧಿಕಾರ ಅತಿಯಾಗಿತ್ತೆಂದು ದೂರುವವರ ಮಾತನ್ನೂ ನಾವು ಪೂರ್ತಿಯಾಗಿ ತಳ್ಳಿಹಾಕಲಾರೆವು. ಆದರೂ ದಂಡ ವಿಧಿಸುವವನು ದಂಡ ತೆರುವವನ ಮಾತನ್ನು ಎದುರಿಗೆ ಕೂರಿಸಿಕೊಂಡು ಕೇಳಬೇಕಾಯಿತು. ಶಿಷ್ಯರ ಪಾದಗಳನ್ನು ತೊಳೆದ ಪ್ರಭುವಿನ ಕೃತ್ಯವು ಗಿರಣಿಯೊಳಗೆ ತಾಳಬಹುದಾದ ರೂಪ ಇದೇ ಇರಬಹುದು.

ಜಗದ್ಗುರು ಹದಿಮೂರನೆಯ ಲಿಯೋ ಅವರಿಗೆ ಹಾರ್ಮೆಲ್ ಅವರಲ್ಲಿ ಬಹಳ ವಿಶ್ವಾಸವಿತ್ತು. 1885ರಲ್ಲಿ ಹಾರ್ಮೆಲ್ ಅವರು ಒಡೆಯರ ತಂಡವನ್ನು ರೋಮಿಗೆ ಕರೆದೊಯ್ದರು. 1889ರಲ್ಲಿ ಸುಮಾರು 10,000 ಕಾರ್ಮಿಕರನ್ನು. ಅರಸರೂ ರಾಯಭಾರಿಗಳೂ ನಡೆದಾಡಿದ ಅರಮನೆಯಲ್ಲಿ ನೂಲುವವರೂ ನೇಯುವವರೂ ನಿಂತರು. 1891ರ ಮೇ 15ರಂದು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರ ಹೊರಬಿದ್ದಿತು. ನ್ಯಾಯವಾದ ಕೂಲಿ, ಕಾರ್ಮಿಕರ ಸಂಘ ಕಟ್ಟುವ ಹಕ್ಕು ಇವುಗಳನ್ನು ಅದು ಎತ್ತಿಹಿಡಿಯಿತು. ಗುರುಮಠದ ವಿದ್ಯಾರ್ಥಿಗಳೂ ಬೇಸಿಗೆಯ ರಜೆಯಲ್ಲಿ ವಾಲ್-ದೆ-ಬ್ವಾಕ್ಕೆ ಬಂದು ಅಧ್ಯಯನ ನಡೆಸುತ್ತಿದ್ದರು. ಲತೀನ್ ವ್ಯಾಕರಣದಲ್ಲೇ ಕಣ್ಣು ನೋಯಿಸಿಕೊಂಡ ನಮ್ಮಂಥವರಿಗೆ ಅದನ್ನು ಕೇಳಿದರೆ ಸ್ವಲ್ಪ ಅಸೂಯೆಯೇ ಆಗುತ್ತದೆ.

ಹಾರ್ಮೆಲ್ ಅವರನ್ನು ಹೊಗಳಿದವರು ಅನೇಕರು, ಅನುಸರಿಸಿದವರು ವಿರಳ. ಕಥೋಲಿಕರೇ ಆದ ಗಿರಣಿಯೊಡೆಯರಲ್ಲಿ ಹಲವರು ದಾನಕ್ಕೆ ಸಿದ್ಧರಿದ್ದರು. ಕಾರ್ಮಿಕನಿಗೆ ಸಮಿತಿಯಲ್ಲಿ ಕುರ್ಚಿ ಕೊಡಲು ಸಿದ್ಧರಿರಲಿಲ್ಲ. 1914ರ ಮಹಾಯುದ್ಧದಲ್ಲಿ ರೀಮ್ಸ್ ಪ್ರಾಂತವು ರಣರಂಗವಾಯಿತು. ಹಾರ್ಮೆಲ್ ಅವರು 1915ರ ನವೆಂಬರಿನಲ್ಲಿ, ಗಿರಣಿಯಿಂದ ಬಹುದೂರದಲ್ಲಿ, ದಕ್ಷಿಣದ ನೀಸ್ ನಗರದಲ್ಲಿ ದೈವಾಧೀನರಾದರು. ಕಾರ್ಖಾನೆಗಳಲ್ಲಿ ಚುನಾಯಿತ ಸಮಿತಿ ಇರಬೇಕೆಂಬ ಕಾನೂನು ಫ್ರಾನ್ಸಿನಲ್ಲಿ ಬಂದದ್ದು 1945ರಲ್ಲಿ. ನೂರು ಅಥವಾ ಹೆಚ್ಚು ಆಳುಗಳಿರುವಲ್ಲಿ ಇಂತಹ ಸಮಿತಿಯನ್ನು ರಚಿಸುವಂತೆ ಆಜ್ಞಾಪಿಸುವ ಅಧಿಕಾರವನ್ನು ನಮ್ಮ ದೇಶದ ಸರಕಾರಕ್ಕೆ ಕೊಟ್ಟದ್ದು 1947ರ ಕೈಗಾರಿಕಾ ವಿವಾದಗಳ ಕಾಯಿದೆ.