ಚೀಟಿಯ ನೋವಿನ ಮಾತ್ರೆ ಬಿಡಿಸುವ ಚಿಕಿತ್ಸೆ: ತೊಪ್ಪೂರು ಸೀಮೆಯಿಂದ ನೋಡಿದ ಒಂದು ಚರಿತ್ರೆ

ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ತೊಪ್ಪೂರು ಘಾಟಿನಲ್ಲಿ ಕಡಿದಾಗಿ ಇಳಿಯುತ್ತದೆ. ಬೆಂಗಳೂರು ಕಡೆಯಿಂದ ಭಾರ ಹೊತ್ತು ಬರುವ ಲಾರಿಗಳು ಇಲ್ಲಿ ಬ್ರೇಕ್ ಹಿಡಿಯದೆ ಮುಂದಿನ ವಾಹನಗಳ ಮೇಲೆ ನುಗ್ಗಿದ ಸುದ್ದಿಗಳಿಂದಲೇ ಹೊರಗಿನವರಿಗೆ ಈ ಊರಿನ ಹೆಸರು ಗೊತ್ತು. ಕಾಲು ಮುರಿದವರು, ಬೆನ್ನುಮೂಳೆ ಜಖಂ ಆದವರು ಆಸ್ಪತ್ರೆ ಸೇರುತ್ತಾರೆ. ಅಂಥ ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್ ಕೊಡುವುದು ತಪ್ಪಲ್ಲ. ಕೊಡದೆ ನರಳಿಸುವುದೇ ತಪ್ಪು. ಆದರೆ ಗಾಯ ಮಾಗಿದ ಮೇಲೂ ಮಾತ್ರೆ ನಿಲ್ಲದೆ ಹೋದರೆ ಮುಂದೇನು? ವೈದ್ಯಶಾಸ್ತ್ರ ಈ ಪ್ರಶ್ನೆಗೆ ಉತ್ತರ ಹುಡುಕತೊಡಗಿ ಸುಮಾರು ಒಂದೂವರೆ ಶತಮಾನವಾಯಿತು. ಆ ಚರಿತ್ರೆಯನ್ನು ಓದಿದಾಗ ನನಗೆ ಕಾಣುವುದು ಇದು: ಅಂಗಡಿ ಮುಚ್ಚಿಸಲು ಕಾನೂನು ತೋರಿದ ಆತುರವನ್ನು ಅದೇ ಊರಿನಲ್ಲಿ ವಾರ್ಡು ತೆರೆಯಲು ಯಾರೂ ತೋರಲಿಲ್ಲ.

ಈ ಸೀಮೆಗೆ ಅಂಗಡಿ ಮುಚ್ಚಿಸುವುದರ ಅನುಭವ ಹಳೆಯದು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ; ಅಲ್ಲಿಯವರೆಗೆ ತೊಪ್ಪೂರು ಸೇಲಂ ಜಿಲ್ಲೆಗೇ ಸೇರಿತ್ತು. 1937ರ ಅಕ್ಟೋಬರ್ 1ರಂದು ರಾಜಾಜಿ ಸರ್ಕಾರ ಮದರಾಸು ಪ್ರಾಂತ್ಯದ ಪಾನನಿಷೇಧವನ್ನು ಮೊದಲು ಜಾರಿಗೆ ತಂದದ್ದು ಆ ಸೇಲಂ ಜಿಲ್ಲೆಯಲ್ಲಿ. ಹೆಂಡದಂಗಡಿಗಳ ಜಾಗ ತುಂಬಲು ಭಜನೆ, ಆಟಗಳ ಏರ್ಪಾಡು ನಡೆಯಿತು. ಅದು ಮದ್ಯದ ವಿಷಯ, ಅಫೀಮಿನದಲ್ಲ. ಆದರೂ ಚಟವನ್ನು ನಡತೆಯ ಪ್ರಶ್ನೆಯಾಗಿ, ಪೂರೈಕೆಯ ಪ್ರಶ್ನೆಯಾಗಿ ನೋಡಿದ ಆ ಕಾಲದ ದೃಷ್ಟಿ ಮುಂದಿನ ಕಾನೂನುಗಳಲ್ಲೂ ಉಳಿಯಿತು.

ಯುರೋಪಿನ ವೈದ್ಯರೂ ಮೊದಲಿಗೆ ಇದೇ ದಾರಿ ಹಿಡಿದಿದ್ದರು. ಬರ್ಲಿನ್ನಿನ ಎಡ್ವರ್ಡ್ ಲೆವಿನ್‌ಸ್ಟೈನ್ 1877ರಲ್ಲಿ ಮಾರ್ಫಿನ್ ಚಟದ ಬಗ್ಗೆ ಬರೆದ ಪುಸ್ತಕದಲ್ಲಿ ಮದ್ದನ್ನು ಒಮ್ಮೆಲೇ ನಿಲ್ಲಿಸಿ ರೋಗಿಯನ್ನು 8ರಿಂದ 14 ದಿನ ಕೋಣೆಯಲ್ಲಿ ಕೂಡಿಹಾಕಬೇಕೆಂದು ವಿವರಿಸಿದ. ಆಗಾಗ ರೋಗಿ ಕುಸಿದುಬೀಳುತ್ತಿದ್ದುದನ್ನೂ ಅವನೇ ದಾಖಲಿಸಿದ್ದಾನೆ. ಸ್ವಲ್ಪಸ್ವಲ್ಪವೇ ಇಳಿಸಬೇಕು ಎನ್ನುವ ವೈದ್ಯರು ಅವನನ್ನು ವಿರೋಧಿಸಿದರು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬೆಲ್ಲಡೋನ ಬೆರೆಸಿದ ಮದ್ದುಗಳು ಬಂದವು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಆರ್. ಎನ್. ಚೋಪ್ರಾ ಅವರು ಅಫೀಮು ಚಟಕ್ಕೆ ಲೆಸಿಥಿನ್ ಮತ್ತು ಗ್ಲೂಕೋಸ್ ಕೊಟ್ಟು ನೋಡಿದರು. 1935ರಲ್ಲಿ ಅಮೆರಿಕ ಸರ್ಕಾರ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಸೆರೆಮನೆಯೂ ಆಸ್ಪತ್ರೆಯೂ ಆದ ಸಂಸ್ಥೆಯೊಂದನ್ನು ತೆರೆಯಿತು. ಅಲ್ಲಿ ಲಾರೆನ್ಸ್ ಕೋಲ್ಬ್ ಮತ್ತು ಕ್ಲಿಫ್ಟನ್ ಹಿಮ್ಮೆಲ್ಸ್‌ಬಾಕ್ 1938ರಲ್ಲಿ ಮಾಡಿದ ಕೆಲಸ ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು. ಆಕಳಿಕೆ, ಕಣ್ಣು ಮೂಗಿನ ನೀರು, ಮೈನವಿರು, ವಾಂತಿ, ಜ್ವರ, ರಕ್ತದೊತ್ತಡ ಒಂದೊಂದಕ್ಕೂ ಅಂಕ ಕೊಟ್ಟು ನರಳಾಟವನ್ನು ಅವರು ಅಳೆದರು. ಹಾಗೆ ಅಳೆದು ನೋಡಿದಾಗ, ಹೆಸರುವಾಸಿ ಚಿಕಿತ್ಸೆಗಳಲ್ಲಿ ಹಲವು ರೋಗಿಗೆ ಚಿಕಿತ್ಸೆಯಿಲ್ಲದೆ ಇರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತಿದ್ದವು ಎಂದು ತಿಳಿಯಿತು.

1940ರ ದಶಕದ ಕೊನೆಗೆ ಅದೇ ಲೆಕ್ಸಿಂಗ್ಟನ್ನಿನಲ್ಲಿ ಮೆಥಡೋನ್ ಕೊಟ್ಟು ದಿನದಿನಕ್ಕೆ ಇಳಿಸುವ ಕ್ರಮ ನೆಲೆಯೂರಿತು. ಮದ್ದು ನಿಂತಾಗ ದೇಹಕ್ಕೆ ಆಗುವುದೇನೆಂಬುದು ಆಮೇಲೆ ಸ್ಪಷ್ಟವಾಯಿತು. ಅಫೀಮು ವರ್ಗದ ಮದ್ದು ಮಿದುಳುಕಾಂಡದ ನಾರ್‌ಅಡ್ರಿನಲಿನ್ ಕೇಂದ್ರವನ್ನು ಬಹುಕಾಲ ಅದುಮಿ ಹಿಡಿದಿರುತ್ತದೆ. ಹಿಡಿತ ಬಿಟ್ಟಾಗ ಆ ಕೇಂದ್ರ ಉಕ್ಕುತ್ತದೆ. ಬೇಗ ಇಳಿಯುವ ಮದ್ದಾದರೆ ಕಡೆಯ ಡೋಸಿನಿಂದ ಅರ್ಧ ದಿನದೊಳಗೆ ಕಾಟ ಶುರುವಾಗಿ, ಎರಡು ಮೂರನೆಯ ದಿನ ಏರಿ, ವಾರ ಹತ್ತು ದಿನದಲ್ಲಿ ತಗ್ಗುತ್ತದೆ. ರಕ್ತದೊತ್ತಡದ ಮಾತ್ರೆಯಾದ ಕ್ಲೊನಿಡಿನ್ ಈ ಉಕ್ಕನ್ನು ತಣಿಸುತ್ತದೆಂದು 1978ರಲ್ಲಿ ಮಾರ್ಕ್ ಗೋಲ್ಡ್ ಮತ್ತು ಸಂಗಡಿಗರು ತೋರಿಸಿದರು. ಅದೇ ವರ್ಷ ಡೊನಾಲ್ಡ್ ಜಸಿನ್‌ಸ್ಕಿ ಅಫೀಮು ವರ್ಗದ್ದೇ ಆದ ಬುಪ್ರೆನಾರ್ಫಿನ್ ಈ ಚಿಕಿತ್ಸೆಗೆ ಒದಗಬಹುದೆಂದು ಸೂಚಿಸಿದರು. ಇಲ್ಲಿ ವೈದ್ಯರ ಕಣ್ಗಾವಲು ಬರೀ ಔಪಚಾರಿಕವಲ್ಲ. ರೋಗಿಗೆ ಲಕ್ಷಣಗಳು ಸ್ಪಷ್ಟವಾಗಿ ಕಾಣಿಸಿಕೊಳ್ಳುವ ಮೊದಲೇ ಬುಪ್ರೆನಾರ್ಫಿನ್ ಕೊಟ್ಟರೆ ಅದೇ ನರಳಾಟವನ್ನು ತಟ್ಟನೆ ಎಬ್ಬಿಸುತ್ತದೆ. ಟ್ರಮಡಾಲ್ ಸೆರೊಟೊನಿನ್ ಮೇಲೂ ಕೆಲಸ ಮಾಡುವುದರಿಂದ ಅದನ್ನು ಬಿಟ್ಟವರಲ್ಲಿ ಕೆಲವರಿಗೆ ತೀವ್ರ ಕಳವಳ, ಭ್ರಮೆಗಳೂ ಕಾಣಬಹುದು. ಗರ್ಭಿಣಿಗೆ ಒಮ್ಮೆಲೇ ನಿಲ್ಲಿಸಿದರೆ ಮಗುವಿಗೆ ಅಪಾಯ.

ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆ ಚಿಕಿತ್ಸೆಯನ್ನು ಮರೆತಿರಲಿಲ್ಲ: ಅದರ 71ನೇ ಕಲಂ ಚಿಕಿತ್ಸಾ ಕೇಂದ್ರಗಳನ್ನು ತೆರೆಯಲು ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ, ಆಮೇಲೆ ಸೇರಿದ 64ಎ ಕಲಂ ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಮೊದಲು ಮುಟ್ಟಿದ್ದು ಬಿಗಿಯೇ. ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ 1985ರ 716 ಕಿಲೋದಿಂದ 1997ರ ಹೊತ್ತಿಗೆ 18 ಕಿಲೋಗೆ ಕುಸಿಯಿತು. ಕ್ಯಾನ್ಸರ್ ರೋಗಿಗಳು ನೋವಿನಲ್ಲೇ ಸತ್ತರು. ಈ ಅಂಕಿಯನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಕಲಕುತ್ತದೆ. ಅದೇ ಕಾಲದಲ್ಲಿ ಪ್ರಾಕ್ಸಿವಾನ್ ಕ್ಯಾಪ್ಸೂಲ್, ಪೆಂಟಜೋಸಿನ್ ಇಂಜೆಕ್ಷನ್‌ಗಳು ಮೆಡಿಕಲ್ ಶಾಪಿನಿಂದ ಹೊರಬಿದ್ದು ಚಟದ ವಸ್ತುಗಳಾದವು.

ಚಿಕಿತ್ಸೆಯ ಕಡೆ, ಮದರಾಸಿನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಟಿ. ಟಿ. ರಂಗನಾಥನ್ ಪ್ರತಿಷ್ಠಾನ ಆರಂಭಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1991ರಲ್ಲಿ ವ್ಯಸನಮುಕ್ತಿ ಘಟಕ ತೆರೆಯಿತು. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಕಡೆಯ ಕನ್ನಡ ಮನೆಗಳಿಗೆ ತಮ್ಮ ಮಾತಿನಲ್ಲೇ ಹೇಳಿಕೊಳ್ಳಬಹುದಾದ ದೊಡ್ಡ ಆಸ್ಪತ್ರೆ ಅದು, ಒಂದೇ ಹೆದ್ದಾರಿಯ ಉತ್ತರಕ್ಕೆ. ಆದರೆ ದಿನಗೂಲಿ ಬಿಟ್ಟು ಮತ್ತೆ ಮತ್ತೆ ಹೋಗಬೇಕಾದವರಿಗೆ ಆ ದೂರ ಚಿಕ್ಕದಲ್ಲ. ಈ ಚಿಕಿತ್ಸೆ ಒಂದು ವಾರದ್ದಲ್ಲ ಎಂಬುದೇ ಮುಖ್ಯ ಸಂಗತಿ.

ಅದಕ್ಕೆ ಎರಡು ಸಾಕ್ಷಿ. 2003ರಲ್ಲಿ ಸ್ವೀಡನ್ನಿನ ಯೋಹಾನ್ ಕಾಕ್ಕೊ ಮತ್ತು ಸಂಗಡಿಗರು 40 ಹೆರಾಯಿನ್ ವ್ಯಸನಿಗಳಲ್ಲಿ ಅರ್ಧ ಜನಕ್ಕೆ ವರ್ಷವಿಡೀ ಬುಪ್ರೆನಾರ್ಫಿನ್ ಕೊಟ್ಟರು. ಉಳಿದವರಿಗೆ ಆರು ದಿನದಲ್ಲಿ ಇಳಿಸಿ ನಿಲ್ಲಿಸಿದರು. ಮೊದಲ ಗುಂಪಿನಲ್ಲಿ ಯಾರೂ ಸಾಯಲಿಲ್ಲ. ಎರಡನೆಯದರಲ್ಲಿ 20ರಲ್ಲಿ ನಾಲ್ವರು ಸತ್ತರು. ಇನ್ನೊಂದು ನೇರವಾಗಿ ಚೀಟಿಯ ಮಾತ್ರೆಗಳದ್ದು. 2011ರಲ್ಲಿ ರೋಜರ್ ವೈಸ್ ಪ್ರಕಟಿಸಿದ, 653 ರೋಗಿಗಳ ಅಮೆರಿಕನ್ ಅಧ್ಯಯನದಲ್ಲಿ ಬೇಗ ಇಳಿಸಿ ನಿಲ್ಲಿಸಿದಾಗ ಗೆದ್ದವರು ಶೇ. 6.6. ಹನ್ನೆರಡು ವಾರ ಮದ್ದು ಮುಂದುವರಿಸಿದಾಗ ಆ ಅವಧಿಯ ಕೊನೆಗೆ ಶೇ. 49.2. ಅದನ್ನೂ ಇಳಿಸಿ ನಿಲ್ಲಿಸಿ ಎಂಟು ವಾರವಾದ ಮೇಲೆ ಮತ್ತೆ ಶೇ. 8.6. ದೇಹದಿಂದ ಮದ್ದು ಇಳಿದವನ ತಾಳಿಕೆಯೂ ಇಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ನುಂಗಿದರೆ ಉಸಿರು ನಿಲ್ಲುತ್ತದೆ.

2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಅಫೀಮು ವರ್ಗದ ವಸ್ತು ಬಳಸುವವರು ಸುಮಾರು 2.26 ಕೋಟಿ, ಔಷಧರೂಪದವುಗಳ ಬಳಕೆ ಜನಸಂಖ್ಯೆಯ ಶೇ. 0.96. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಮಾದಕವಸ್ತು ಕಾಯ್ದೆಯಡಿ ಬಂತು. ಆ ನಂತರದ ವರ್ಷಗಳಲ್ಲಿ ತಮಿಳುನಾಡಿನ ಪೊಲೀಸರು ವಶಪಡಿಸಿಕೊಳ್ಳುತ್ತಿರುವ ಮಾತ್ರೆಗಳಲ್ಲಿ ಟಪೆಂಟಡಾಲ್ ಹೆಸರು ಮತ್ತೆ ಮತ್ತೆ ಕೇಳಿಬರುತ್ತಿದೆ. ಒಂದು ಮಾತ್ರೆಯ ಜಾಗಕ್ಕೆ ಇನ್ನೊಂದು ಬರುವುದನ್ನು ಪ್ರಾಕ್ಸಿವಾನ್ ಕಾಲದಿಂದ ನೋಡಿದ್ದೇವೆ.

ತೊಪ್ಪೂರಿನ ಎರಡೂ ದಿಕ್ಕಿಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಒಂದು ಧರ್ಮಪುರಿಯಲ್ಲಿ, ಇನ್ನೊಂದು ಸೇಲಂನಲ್ಲಿ. ಘಾಟಿನ ಗಾಯಾಳು ಮೂಳೆ ವಿಭಾಗದಿಂದ ಬಿಡುಗಡೆಯಾಗುವಾಗ ಯಾವ ಮಾತ್ರೆ, ಎಷ್ಟು ದಿನಕ್ಕೆ, ಹೇಗೆ ಇಳಿಸಬೇಕು ಎಂದು ಚೀಟಿಯಲ್ಲಿ ಬರೆಯಬೇಕು. ನಿಲ್ಲಿಸಲಾಗದೆ ತಿರುಗಿ ಬಂದವನನ್ನು ಅದೇ ಆವರಣದ ಮನೋವೈದ್ಯ ವಿಭಾಗಕ್ಕೆ ಕಳಿಸಿ, ತಿಂಗಳುಗಟ್ಟಲೆ ಬುಪ್ರೆನಾರ್ಫಿನ್ ಕೊಡುವ ಏರ್ಪಾಡು ಇರಬೇಕು. ಈ ಸೀಮೆಯ ಚರಿತ್ರೆ ಬರೆಯಲು ಹೊರಡುವ ಮುಂದಿನ ಸಂಶೋಧಕರು ಪೊಲೀಸ್ ದಾಖಲೆಗಿಂತ ಮೊದಲು ಆ ಬಿಡುಗಡೆ ಚೀಟಿಗಳನ್ನು ನೋಡಲಿ.